ತಪ್ಪು ಹೇಳಿ ಬರೆಸಿದ ಪುಸ್ತಕ

ಡ್ರಾಮಾ ಮೇಷ್ಟ್ರು ಹೊನ್ನಪ್ಪನವರು ಪುಸ್ತಕ ಬರೆಯುತ್ತಾರಂತೆ ಎಂಬ ಸುದ್ದಿ ಬೆಳಗ್ಗೆ ಹಾಲಿನ ಡೈರಿಯಲ್ಲಿ ಹುಟ್ಟಿ, ಸಂಜೆ ಹಾಲು ಕರೆಯುವ ಹೊತ್ತಿಗೆ ಮಾಚನಕೊಪ್ಪಲನ್ನು ಪೂರ್ತಿ ಸುತ್ತಿ ಬಂದಿತ್ತು. ಮಾರನೆಯ ದಿನ ಅವರ ಮನೆಯ ಜಗಲಿಯ ಮೇಲೆ ಕೂರಲು ಜಾಗವಿಲ್ಲ. ಒಬ್ಬರು, ನಮ್ಮಪ್ಪ ರಾಜಪಾರ್ಟು ಮಾಡಿದ್ದನ್ನು ಮರೆಯಬೇಡಿ ಅಂದರು. ಇನ್ನೊಬ್ಬರು, ನಮ್ಮಪ್ಪ ಸ್ಟೇಜಿನ ಮೇಲೆ ಕಿರೀಟ ಬೀಳಿಸಿಕೊಂಡಿದ್ದನ್ನು ದಯವಿಟ್ಟು ಮರೆತುಬಿಡಿ ಅಂದರು. ಮೇಷ್ಟ್ರು ಎಲ್ಲರಿಗೂ ಆಗಲಿ ಆಗಲಿ ಎಂದು ತಲೆಯಾಡಿಸಿ, ಹೆಂಡತಿ ಬೆಟ್ಟಮ್ಮನ ಕೈಯಿಂದ ಕಾಫಿ ಕೊಡಿಸಿ ಕಳಿಸಿದರು. ಪುಸ್ತಕದ ಮೊದಲ ಹಾಳೆ ಇನ್ನೂ ಖಾಲಿಯೇ ಇತ್ತು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಕೆ.ಆರ್. ಪೇಟೆಯಿಂದ ಹೊಸಹೊಳಲು ದಾಟಿ ಹೋದರೆ ಸಿಗುವ ಈ ಊರೊಂದೇ ಅಲ್ಲ, ಆ ಕಡೆ ನಾಗಮಂಗಲ, ಈ ಕಡೆ ಪಾಂಡವಪುರದವರೆಗೂ ನಮ್ಮ ಒಕ್ಕಲು ಮಕ್ಕಳಿಗೆ ಪೌರಾಣಿಕ ನಾಟಕದ ಹುಚ್ಚು ಇದ್ದೇ ಇದೆ. ಹಗಲೆಲ್ಲ ಕಬ್ಬು ಕಡಿದವರು ಸಂಜೆ ಮೈ ತೊಳೆದುಕೊಂಡು ಬಂದು ಪ್ರಾಕ್ಟೀಸಿಗೆ ಕೂರುತ್ತಾರೆ. ಅವರಿಗೆ ಪದ, ಮಾತು, ನಡಿಗೆ ಕಲಿಸುವವರು ಡ್ರಾಮಾ ಮೇಷ್ಟ್ರು. ಆಟದ ರಾತ್ರಿ ಮೇಷ್ಟ್ರು ಸ್ಟೇಜಿನ ಮುಂದೆ ಹಾರ್ಮೋನಿಯಂ ಹಿಡಿದು ಕೂತರೆಂದರೆ ಬೆಳಗಿನ ಜಾವ ಮಂಗಳದ ಪದ ಮುಗಿಯುವ ತನಕ ಏಳುವ ಹಾಗಿಲ್ಲ. ನಡುವೆ ಪೆಟ್ಟಿಗೆ ನಿಂತರೆ ಆಟ ಕೆಟ್ಟಂತೆ, ಊರಿಗೂ ಒಳ್ಳೆಯದಲ್ಲ ಎಂದು ನಂಬಿಕೆ. ಪೆಟ್ಟಿಗೆ ಅಂದರೆ ಹಾರ್ಮೋನಿಯಮ್ಮೇ, ನಮ್ಮಲ್ಲಿ ಅದಕ್ಕೆ ಹಾಗೆನ್ನುವುದು. ಸ್ಟೇಜಿನ ಮೇಲೆ ಯಾರಾದರೂ ಮಾತು ಮರೆತು ಕಣ್ಣು ಕಣ್ಣು ಬಿಟ್ಟರೆ, ಬಾರಿಸುವ ಕೈ ನಿಲ್ಲಿಸದೆಯೇ ಮೊದಲ ಪದವನ್ನು ಮೆಲ್ಲಗೆ ಎತ್ತಿಕೊಡುವವರೂ ಮೇಷ್ಟ್ರೇ. ಹೊನ್ನಪ್ಪನವರು ನಲವತ್ತು ವರ್ಷ ಮಾಡಿದ್ದು ಈ ಕೆಲಸವನ್ನೇ.

ಪುಸ್ತಕದ ಹುಳವನ್ನು ಅವರ ತಲೆಗೆ ಬಿಟ್ಟವನು ಶಿವಶಂಕರ್. ಕೆ.ಆರ್. ಪೇಟೆಯಲ್ಲಿ ಅವನದೊಂದು ಪ್ರಿಂಟಿಂಗ್ ಪ್ರೆಸ್ಸು. ಹಿಂದೆ ಮೇಷ್ಟ್ರ ಕೈಕೆಳಗೆ ಮಂತ್ರಿಯ ಪಾರ್ಟು ಮಾಡಿದವನು. "ನೀವು ಬರ್ದು ಕೊಡಿ ಮೇಷ್ಟ್ರೇ, ಅಚ್ಚು ಹಾಕೋದು ನನ್ ಪಾಲು. ನಮ್ ಕಡೆ ಡ್ರಾಮಾ ಕತೆನ ನೀವು ಬರೀದಿದ್ರೆ ಇನ್ಯಾರು ಬರೀತಾರೆ?" ಅಂದ. ಎರಡು ಸಲ ಬೇಡ ಅಂದ ಮೇಷ್ಟ್ರು ಮೂರನೇ ಸಲಕ್ಕೆ ಒಪ್ಪಿಕೊಂಡರು. ಹೊಗಳಿಕೆಗೆ ಕರಗಿದರು ಎಂದು ಶಿವಶಂಕರ್ ಅಂದುಕೊಂಡ. ಸ್ವಲ್ಪ ಕರಗಿದ್ದೂ ನಿಜವೇ. ಆದರೆ ಒಳಗಿನ ಕಾರಣ ಬೇರೆ ಇತ್ತು.

ಹೊನ್ನಪ್ಪನವರು ಮೇಷ್ಟ್ರಾಗಿ ಕೂತ ಮೊದಲನೇ ಆಟ ನಡೆದದ್ದು ಕೆರೆಯಾಚೆಯ ಹೊಸೂರಿನಲ್ಲಿ. ಅದೇ ರಾತ್ರಿ ಈಚೆ ಮನೆಯಲ್ಲಿ ಅವರ ತಾಯಿ ತೀರಿಕೊಂಡಳು. ಅವರನ್ನು ಕರೆತರಲು ಹೋದವನು ಕೆಂಪಣ್ಣ. ಪಕ್ಕದ ಮನೆಯವನು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಗೆಳೆಯ. ಹೋದವನು ವಿಷಯ ಹೇಳದೆ ರಾತ್ರಿಯೆಲ್ಲ ಸ್ಟೇಜಿನ ಪಕ್ಕದಲ್ಲೇ ನಿಂತಿದ್ದ, ಮಂಗಳ ಮುಗಿದ ಮೇಲೆ ಬಾಯಿ ಬಿಟ್ಟ. ಯಾಕೆ ಹೀಗೆ ಮಾಡಿದೆ ಎಂದು ಹೆಣದ ಮುಂದೆ ಕೇಳಿದಾಗ, "ಆಟ ನೋಡ್ತಾ ಮೈಮರ್ತ್ಬುಟ್ಟೆ ಕಣ್ಲಾ" ಅಂದ. ಅವತ್ತಿಗೆ ಅವರಿಬ್ಬರ ಮಾತು ನಿಂತಿತು. ಕೆಂಪಣ್ಣನಿಗೆ ರಾಜಪಾರ್ಟಿನ ಆಸೆ ಚಿಕ್ಕಂದಿನಿಂದ ಇತ್ತು, ಅದಕ್ಕೆ ತಕ್ಕ ಗಂಟಲೂ ಇತ್ತು. ಮೇಷ್ಟ್ರು ಅವನಿಗೆ ಬಾಗಿಲು ಕಾಯುವವನ ಪಾರ್ಟನ್ನೂ ಕೊಡಲಿಲ್ಲ. ಸಾಯುವ ತಾಯಿ ಮಗನನ್ನು ಕರೆದಳು, ಮಗ ಪೆಟ್ಟಿಗೆ ಬಾರಿಸುತ್ತ ಕೂತಿದ್ದ ಎಂಬ ಮಾತು ಅವರ ಎದೆಯಲ್ಲಿ ನಲವತ್ತು ವರ್ಷ ಹಾಗೇ ಕೂತಿತ್ತು. ನಾನು ಬಾರದೆ ಹೋದದ್ದು ನನ್ನ ತಪ್ಪಿನಿಂದಲ್ಲ ಎಂಬುದನ್ನು ಸಾಯುವ ಮುಂಚೆ ಒಂದು ಸಲ ಅಚ್ಚಿನಲ್ಲಿ ನೋಡಬೇಕು. ಅಷ್ಟಕ್ಕೇ ಅವರು ಪುಸ್ತಕಕ್ಕೆ ಒಪ್ಪಿದ್ದು.

ಒಪ್ಪಿದ್ದೇನೋ ಸರಿ, ಬರೆಯಬೇಕಲ್ಲ? ಮೊದಲು ಕುರ್ಚಿ ಸರಿಯಿಲ್ಲ ಅಂದರು. ಕುರ್ಚಿ ಬಂದ ಮೇಲೆ ಪೆನ್ನು ಹರಿಯುವುದಿಲ್ಲ ಅಂದರು. ಆಮೇಲೆ ಕನ್ನಡಕದ ಮೇಲೆ ತಪ್ಪು ಹೊರಿಸಿದರು. ಕನ್ನಡಕವನ್ನೂ ಬದಲಾಯಿಸಿಕೊಟ್ಟ ಸೊಸೆ ತನುಶ್ರೀ, "ಇನ್ನೇನೂ ಉಳಿದಿಲ್ಲ ಮಾವ, ಕೂತ್ಕೊಳಿ" ಎಂದು ನಗುತ್ತಲೇ ಬಾಗಿಲು ಎಳೆದುಕೊಂಡಳು. ಪಾಂಡವಪುರದ ಹುಡುಗಿ, ಕೆ.ಆರ್. ಪೇಟೆಯ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ. ಮಾವನೆಂದರೆ ಅವಳಿಗೆ ಪ್ರೀತಿಯೂ ಇತ್ತು, ಸಲಿಗೆಯೂ ಇತ್ತು.

ಮೇಷ್ಟ್ರು ಕೂತರು. ಆಟವೆಂದ ಮೇಲೆ ಪ್ರಾರ್ಥನೆಯಿಂದ ಶುರುವಾಗಬೇಕಲ್ಲವೇ, ಪುಸ್ತಕವೂ ಹಾಗೇ ಇರಬೇಕು ಎಂದುಕೊಂಡು ಗಣಪತಿಯಿಂದ ಹಿಡಿದರು. ಮನೆದೇವರು, ಗ್ರಾಮದೇವತೆ, ಗುರುಗಳು, ಗುರುಗಳ ಗುರುಗಳು ಎಂದು ವಂದನೆ ಮಾಡುತ್ತಾ ಹೋದರು, ಒಂದು ವಾರವಾದರೂ ಕೈ ಮುಗಿಯುವುದು ಮುಗಿಯಲಿಲ್ಲ. ಅದು ಮುಗಿದ ಮೇಲೆ "ಎಲೈ ಸಹೃದಯ ವಾಚಕ ಮಹಾಶಯರುಗಳಿರಾ" ಎಂದು ಶುರುವಾಯಿತು. ಹುಟ್ಟಿದ್ದನ್ನು ಜನಿಸಿದೆನು ಎಂದರು, ಉಂಡಿದ್ದನ್ನು ಭುಂಜಿಸಿದೆನು ಎಂದರು. ಎಮ್ಮೆ ಮೇಯಿಸಿದ್ದನ್ನು ಏನೆನ್ನಬೇಕೆಂದು ತಿಳಿಯದೆ ಆ ವಿಷಯವನ್ನೇ ಬಿಟ್ಟರು.

ಓದಿ ಹೇಳಿದಾಗ ತನುಶ್ರೀ ಕೈಕಟ್ಟಿ ನಿಂತು, "ಇದನ್ನ ಕೇಳ್ತಿದ್ರೆ ಎದ್ದು ಆರತಿ ತರ್ಬೇಕು ಅನ್ಸುತ್ತೆ ಮಾವ" ಅಂದಳು.

ಬೆಟ್ಟಮ್ಮ ಇನ್ನೂ ನೇರ. "ಇದ್ರಾಗೆ ನೀವೆಲ್ಲಿದ್ದೀರಿ? ಬರೀ ದೇವ್ರು ಓಡಾಡ್ತಾವ್ರೆ" ಅಂದರು.

ಮೇಷ್ಟ್ರಿಗೆ ಸಿಟ್ಟು ಬಂತು. ಹಾಳೆಗಳನ್ನು ಮಂಚದ ಕೆಳಗೆ ತಳ್ಳಿದರು. ಅವರ ಕಷ್ಟ ಅವರಿಗೇ ಗೊತ್ತು. ಜೀವನವಿಡೀ ಬೇರೆಯವರ ಮಾತನ್ನು ಎತ್ತಿಕೊಟ್ಟವರು ಅವರು. ಎದುರಿಗೆ ಯಾರೋ ಮರೆತು ನಿಂತಾಗ ಅವರ ಬಾಯಲ್ಲಿ ಮಾತು ತಾನಾಗಿ ಬರುತ್ತಿತ್ತು. ಖಾಲಿ ಹಾಳೆ ಮರೆಯುವುದೂ ಇಲ್ಲ, ತಡವರಿಸುವುದೂ ಇಲ್ಲ, ಅದರ ಮುಂದೆ ಕೂತರೆ ನಾಲಿಗೆ ಒಣಗುತ್ತಿತ್ತು.

ದಾರಿ ಸಿಕ್ಕಿದ್ದು ಒಂದು ಭಾನುವಾರ, ಅದೂ ಅಕಸ್ಮಾತ್ತಾಗಿ. ಅತ್ತೆ ಸೊಸೆ ಹಿತ್ತಿಲ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಬೆಟ್ಟಮ್ಮ ಹಳೆಯ ಕಥೆಯೊಂದನ್ನು ಹೇಳುತ್ತಿದ್ದರು. "ನಾಗಮಂಗ್ಲದ ತಾವು ಒಂದಾಟದಾಗೆ ಮಂತ್ರಿ ಪಾರ್ಟ್ನೋನು ನಿಂತಂಗೇ ನಿದ್ದೆ ಮಾಡ್ಬುಟ್ನಂತೆ ಕಣವ್ವ..."

ಒಳಗಿನಿಂದ ಮೇಷ್ಟ್ರು ಗುಡುಗಿದರು. "ಅಂಗಲ್ಲ ಕಣೆ! ಮಂತ್ರಿಯಲ್ಲ, ರಾಜ! ನಿಂತಲ್ಲ, ಸಿಂಹಾಸನದ ಮ್ಯಾಲೆ ಕೂತು!" ಎನ್ನುತ್ತಲೇ ಹೊರಗೆ ಬಂದರು. "ಬೆಳಗ್ಗೆಯಿಂದ ಗದ್ದೆ ನಾಟಿ ಮಾಡಿ ಬಂದಿದ್ದ ಕಣವ್ವ ಪಾಪ. ದೂತ ಬಂದು ಪ್ರಭೂ ಅಂದ, ಏಳ್ನಿಲ್ಲ. ಇನ್ನೊಂದ್ಸಲ ಕೂಗ್ದ, ಗೊರಕೆ ಮೈಕ್ನಾಗೆ ಕೇಳ್ತದೆ! ನಾನು ಪೆಟ್ಗೆನ ಜೋರಾಗಿ ಎತ್ತಿ ಬಾರಿಸ್ದೆ. ದಡಕ್ಕಂತ ಎದ್ದು ದೂತನ್ನ ನೋಡಿ ಏನಂದ ಗೊತ್ತಾ? 'ಎಮ್ಮೆ ಕಟ್ಟಾಕ್ದ್ಯಾ?' ಅಂದ! ದೂತನೂ ಅವನ ಬಾಮೈದನೇ. 'ಊಂ ಭಾವ, ಕಟ್ಟಾಕ್ದೆ' ಅಂದ್ಬುಟ್ಟ!"

ತನುಶ್ರೀ ನಕ್ಕು ನಕ್ಕು ಸೊಪ್ಪಿನ ಮೊರವನ್ನು ಬೀಳಿಸಿದಳು. ನಗು ನಿಂತ ಮೇಲೆ ಅತ್ತೆಯ ಮುಖ ನೋಡಿದಳು. ಅತ್ತೆಯೂ ಇವಳ ಮುಖ ನೋಡುತ್ತಿದ್ದರು. ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು.

ಅವತ್ತಿನಿಂದ ಆ ಮನೆಯಲ್ಲಿ ಸುಳ್ಳು ಹೇಳುವುದೇ ಒಂದು ಕಸುಬಾಯಿತು. ಬೆಟ್ಟಮ್ಮ ಮೇಷ್ಟ್ರ ಕಿವಿಗೆ ಬೀಳುವ ಹಾಗೆ ಒಂದು ಕಥೆಯನ್ನು ತಪ್ಪಾಗಿ ಎತ್ತಬೇಕು, ತನುಶ್ರೀ ಮೊಬೈಲಿನಲ್ಲಿ ರೆಕಾರ್ಡು ಒತ್ತಿ ಸೆರಗಿನಡಿ ಇಟ್ಟುಕೊಳ್ಳಬೇಕು. ಮೇಷ್ಟ್ರು "ಅಂಗಲ್ಲ" ಎಂದು ಬಂದರೆ ಒಂದು ಅಧ್ಯಾಯ ಸಿಕ್ಕಿತು. ಗುರುಗಳು ಹೊಡೆಯುತ್ತಲೇ ಇರಲಿಲ್ಲವಂತೆ ಎಂದರೆ, ಹೊಡೆದ ಕಥೆ ಬಂತು. ಶ್ರೀರಂಗಪಟ್ಟಣದಲ್ಲಿ ಆಡಿದ ಆಟಕ್ಕೆ ಜನವೇ ಇರಲಿಲ್ಲವಂತೆ ಎಂದರೆ, ಮರದ ಕೊಂಬೆ ಮುರಿದು ಬಿದ್ದಷ್ಟು ಜನ ಬಂದಿದ್ದ ಕಥೆ ಬಂತು. ತನುಶ್ರೀ ಅದನ್ನೆಲ್ಲ ಕೇಳಿ ಕೇಳಿ ಹಾಳೆಗೆ ಇಳಿಸಿಕೊಟ್ಟಳು. ಮೇಷ್ಟ್ರು ತಮ್ಮದೇ ಮಾತನ್ನು ಹಾಳೆಯ ಮೇಲೆ ಕಂಡಾಗ ಬೆಪ್ಪಾದರು. ಮೋಸ ಗೊತ್ತಾಗಿ ಕೂಗಾಡಿದರು. ಕೂಗಾಡಿದ ಮೇಲೆ ಕನ್ನಡಕ ಹಾಕಿಕೊಂಡು ಓದಿದರು, ಪೆನ್ನು ತಂದು ತಿದ್ದತೊಡಗಿದರು. ಇಷ್ಟು ದಿನ ಬರೆಯುವ ಮೊದಲೇ ತಿದ್ದುತ್ತ ಕೂತಿದ್ದೆನಲ್ಲ, ಅದಕ್ಕೇ ಬರಲಿಲ್ಲ ಎಂಬುದು ಅವರಿಗೆ ಆಗ ತಿಳಿಯಿತು. ಜನಿಸಿದೆನು ಹೋಗಿ ಹುಟ್ಟಿದೆ ಬಂತು. ಎಮ್ಮೆಗಳೂ ವಾಪಸು ಬಂದವು.

ಮೋಸ ಗೊತ್ತಾದ ಮೇಲೂ ಆಟ ನಿಲ್ಲಲಿಲ್ಲ. ಸಂಜೆಯಾದರೆ ಮೇಷ್ಟ್ರೇ ಹಿತ್ತಿಲ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಬಂದು, "ಎಲ್ಲಿ, ಇವತ್ತೇನು ತಪ್ಪು ಯೋಳ್ತೀಯ ಯೋಳು" ಎಂದು ಹೆಂಡತಿಯನ್ನು ಕೇಳುತ್ತಿದ್ದರು. ಅಷ್ಟು ವರ್ಷದ ಸಂಸಾರದಲ್ಲಿ ಅವರಿಬ್ಬರೂ ದಿನಾ ಇಷ್ಟು ಹೊತ್ತು ಎದುರುಬದುರು ಕೂತದ್ದೇ ಇಲ್ಲ.

ಒಂದು ದಿನ ಮೇಷ್ಟ್ರ ಉತ್ಸಾಹ ಇದ್ದಕ್ಕಿದ್ದಂತೆ ಇಳಿಯಿತು. ಊರಿನ ಹುಡುಗರು ಅರಳಿಕಟ್ಟೆಯ ಮೇಲೆ ಸಾಲಾಗಿ ಕೂತು ಫೋನು ನೋಡುತ್ತಿದ್ದುದನ್ನು ಕಂಡು ಬಂದಿದ್ದರು. "ಯಾರಿಗೆ ಬೇಕೇ ಇದು? ಅಚ್ಚಾಕ್ಸಿ ಆ ಶಿವಶಂಕರನ ಗೋಡೌನಿನಾಗೆ ಇಲಿ ತಿನ್ಲಿ ಅಂತಾನಾ?" ಅಂದರು.

ಬೆಟ್ಟಮ್ಮ ಕೈಯ ಕೆಲಸ ಬಿಡದೆಯೇ ಹೇಳಿದರು. "ನಂಗೆ ಬೇಕು. ನಿಮ್ಮ ಒಂದಾಟನಾದ್ರೂ ಪೂರ್ತಿ ಕೂತು ನೋಡಿದ್ದೀನಾ ನಾನು? ದನ ಅಂತ, ಮಕ್ಳು ಅಂತ, ಅಡಿಗೆ ಅಂತ ಅರ್ಧಕ್ಕೇ ಎದ್ದು ಬರ್ತಿದ್ದೆ. ಈಗ ಕೂತ್ಕೊಂಡು ಕೇಳ್ತಾ ಇವ್ನಿ. ನಿಲ್ಲಿಸ್ಬ್ಯಾಡಿ."

ಮೇಷ್ಟ್ರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತರು.

ಹೀಗೆ ಪುಸ್ತಕ ಬಹುಪಾಲು ಮುಗಿಯಿತು. ಉಳಿದದ್ದು ಯಾವ ಅಧ್ಯಾಯಕ್ಕಾಗಿ ಪುಸ್ತಕ ಶುರುವಾಗಿತ್ತೋ ಅದೊಂದೇ. ವಿಚಿತ್ರವೆಂದರೆ, ಎಲ್ಲ ಕಥೆಯನ್ನೂ ತಪ್ಪಾಗಿ ಹೇಳಲು ಮುಂದಾಗುತ್ತಿದ್ದ ಬೆಟ್ಟಮ್ಮ ಹೊಸೂರಿನ ರಾತ್ರಿಯ ವಿಷಯ ಬಂದರೆ ಮೊರ ತೆಗೆದುಕೊಂಡು ಒಳಗೆ ಹೋಗುತ್ತಿದ್ದರು. ಮೇಷ್ಟ್ರು ಕೆಣಕಿ ನೋಡಿದರು. "ಅದೊಂದು ನಂಗೆ ಬರಾಕಿಲ್ಲ" ಅಂದರು ಬೆಟ್ಟಮ್ಮ, ಅಷ್ಟೇ.

ಆಗಲಿ, ಇದನ್ನು ನಾನೇ ಬರೆಯುತ್ತೇನೆ ಎಂದುಕೊಂಡರು ಮೇಷ್ಟ್ರು. ಮನೆಯವರೆಲ್ಲ ನಾಗಮಂಗಲಕ್ಕೆ ಒಂದು ಮದುವೆಗೆ ಹೋದ ದಿನ ತಿಂಡಿ ತಿಂದು ಹಾಳೆಯ ಮುಂದೆ ಕೂತರು. ಈ ಸಲ ಯಾರೂ ತಪ್ಪು ಹೇಳಬೇಕಾಗಲಿಲ್ಲ. ಸಿಟ್ಟೇ ಎತ್ತಿಕೊಟ್ಟಿತು. ಪೆನ್ನು ನಿಲ್ಲದೆ ಓಡಿತು, ಊಟದ ಹೊತ್ತು ಮೀರಿದ್ದೂ ತಿಳಿಯಲಿಲ್ಲ. ಬರೆದು ಮುಗಿಸಿ ಕೈ ಬೆರಳು ನೀವಿಕೊಳ್ಳುವಾಗ ಅವರಿಗೆ ಆದ ಹೆಮ್ಮೆಯನ್ನು ಹೇಳುವಂತಿಲ್ಲ. ಇಡೀ ಪುಸ್ತಕದಲ್ಲಿ ತಾನೊಬ್ಬನೇ ಬರೆದ ಅಧ್ಯಾಯ ಇದು, ತಿದ್ದುವುದಕ್ಕೆ ಇದರಲ್ಲಿ ಒಂದಕ್ಷರವೂ ಇಲ್ಲ ಅನ್ನಿಸಿತು.

ಮಾರನೆಯ ದಿನ ತನುಶ್ರೀ ಕೆಲಸಕ್ಕೆ ಹೋದ ಮೇಲೆ ಬೆಟ್ಟಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಬಂದು ಓದಿದರು. ಕೆರೆಯಾಚೆ ತನ್ನ ಮೊದಲನೇ ಆಟ. ಕಿಕ್ಕಿರಿದ ಜನ. ಈಚೆ ಮನೆಯಲ್ಲಿ ಅವ್ವ ಮಗನ ಹೆಸರನ್ನು ಕರೆದು ಕರೆದು ಪ್ರಾಣ ಬಿಟ್ಟಳು. ಗೆಳೆಯ ಎನ್ನಿಸಿಕೊಂಡವನು ಆಟದ ಮೋಜಿನಲ್ಲಿ ನಿಂತು, ತಾಯಿ ಮಗನನ್ನು ಕೊನೆಗೊಂದು ಸಲ ನೋಡದ ಹಾಗೆ ಮಾಡಿದ. ಓದುತ್ತ ಓದುತ್ತ ಮೇಷ್ಟ್ರ ದನಿ ಸ್ಟೇಜಿಗೆ ಕೇಳುವಷ್ಟು ಏರಿತು.

"ಅಂಗಲ್ಲ" ಅಂದರು ಬೆಟ್ಟಮ್ಮ.

ಮೇಷ್ಟ್ರು ನಿಲ್ಲಿಸಿದರು. ಈ ಮಾತು ಹೇಳುವವರು ಆ ಮನೆಯಲ್ಲಿ ಇದುವರೆಗೆ ಮೇಷ್ಟ್ರೊಬ್ಬರೇ ಆಗಿದ್ದರು. "ಏನು ಅಂಗಲ್ಲ?"

"ಅವ್ವ ನಿಮ್ಮನ್ನ ಕರೀನಿಲ್ಲ."

ಬೆಟ್ಟಮ್ಮ ಅವರೆಕಾಯಿಯ ಮಂಕರಿಯನ್ನು ಪಕ್ಕಕ್ಕಿಟ್ಟರು. ಗಂಡನ ಮುಖ ನೋಡದೆ, ಎದುರಿನ ಗೋಡೆ ನೋಡುತ್ತಾ ಹೇಳಿದರು. "ಬ್ಯಾಸ್ಗೆ ಅದು. ಒಳ್ಗೆ ಸೆಕೆ ಅಂತ ಅವ್ವಂಗೆ ಅಂಗ್ಳದಾಗೆ ಚಾಪೆ ಹಾಕಿದ್ದೆ. ಉಸ್ರು ಎಳ್ಯೋದ್ ನೋಡಿ ಗಾಬ್ರಿಯಾಗಿ ಕೆಂಪಣ್ಣನ್ನ ಕೂಗ್ದೆ. ಓಗಿ ಕರ್ಕೊಂಬಾ ಅಂದೆ. ಅವ್ವ ನನ್ ಸೆರಗು ಇಡ್ಕೊಂಡ್ಳು. 'ಬ್ಯಾಡ ಕಣವ್ವ' ಅಂದ್ಳು. ಕೆರೆ ಮ್ಯಾಲಿಂದ ಮೈಕಿನ ಸದ್ದು ಬರ್ತಿತ್ತು. 'ಅವ್ನ ಕೈ ಕೇಳ್ತಾ ಅದೆ ನಂಗೆ. ಅವ್ನು ಇಲ್ಲಿಗೆ ಬಂದ್ರೆ ಪೆಟ್ಗೆ ನಿಂತೋಯ್ತದೆ. ಆಮ್ಯಾಕೆ ನಂಗೇನು ಕೇಳ್ತದೆ?' ಅಂದ್ಳು."

ಮೇಷ್ಟ್ರು ಹಾಳೆಗಳನ್ನು ಹಿಡಿದುಕೊಂಡೇ ಕೂತಿದ್ದರು.

"ನಡುನಡುವೆ ಕಣ್ಣು ಮುಚ್ಕೊಂಡೇ 'ಈಗ ಪದ ಬದ್ಲಾಯ್ತು ನೋಡು' ಅಂತಿದ್ಳು. ಮೊದಲ್ನೇ ಆಟ, ಅರ್ಧಕ್ಕೆ ಎದ್ದು ಬಂದ್ರೆ ಇನ್ಯಾವ ಊರೋರೂ ಅವನ್ನ ಕರ್ಯಾಕಿಲ್ಲ ಅಂದ್ಳು. ಅದ್ಕೆ ನಾನೇ ಕೆಂಪಣ್ಣಂಗೆ ಯೋಳ್ದೆ. ಅಣ್ಣ, ನೀನು ಓಗಿ ಅವ್ರ ಪಕ್ಕದಾಗೆ ನಿಂತ್ಕೊ, ಮಂಗಳ ಆಗೋಗಂಟ ಬಾಯಿ ಬುಡ್ಬ್ಯಾಡ, ಆದ ತಕ್ಷಣ ಕರ್ಕೊಂಬಾ ಅಂತ. ಅವ್ವನ ಉಸ್ರು ನಿಂತಾಗ ನೀವು ಬಾರಿಸ್ತಾನೇ ಇದ್ರಿ. ನಗ್ತಾ ಇದ್ದಂಗಿತ್ತು ಅವ್ವನ ಮಕ. ಅವ್ಳು ಒಂಟಿಯಾಗಿ ಓಗ್ನಿಲ್ಲ ಕಣ್ರೀ. ನಿಮ್ ಜೊತೆನಾಗೇ ಇದ್ಳು."

ಮೇಷ್ಟ್ರು ಹಾಳೆಗಳನ್ನು ತೊಡೆಯ ಮೇಲಿಟ್ಟರು. "ಮತ್ತೆ ಕೆಂಪ ಯಾಕೆ ಅಂಗಂದ?" ಎಂದು ಕೇಳಿದರು.

"ಹೆಣದ ಮುಂದೆ ನಿಮ್ಮ ಅಕ್ಕಂದ್ರು ಬಾಯಿ ಬಡ್ಕೋತಿದ್ರು. ಮಗನ್ನ ಕರೀದೆ ಬುಟ್ಟೋರ್ಯಾರು ಅಂತ ಕೇಳ್ತಿದ್ರು. ನಾನು ಇನ್ನೇನು ಯೋಳ್ಬೇಕು, ಅಷ್ಟ್ರಾಗೆ ಕೆಂಪಣ್ಣ ಆ ಮಾತು ಆಡ್ಬುಟ್ಟ. ತಿಥಿ ಆದ್ಮೇಲೆ ನಿಮ್ಗೆ ನಿಜ ಯೋಳ್ತೀನಿ ಅಂತ ಅವನ ತಾವು ಓದೆ, ಬ್ಯಾಡ ಅಂದ. 'ನನ್ ಮ್ಯಾಲಾದ್ರೆ ಸಿಟ್ಟು ಮಾಡ್ಕೊಂಡು ಪೆಟ್ಗೆ ಬಾರಿಸ್ತಾನೆ ತಂಗಿ. ಅವ್ನ ಮ್ಯಾಲೇ ಅವ್ನಿಗೆ ಸಿಟ್ಟು ಬಂದ್ರೆ ಅದನ್ನ ಮುಟ್ಟಾಕಿಲ್ಲ' ಅಂದ."

ಮೇಷ್ಟ್ರಿಗೆ ಕೋಪ ಬಂತು. ಬರಬೇಕಾದ್ದೇ. "ಇಬ್ರೂ ಸೇರ್ಕೊಂಡು ನನ್ನ ಮುಟ್ಠಾಳನ್ನ ಮಾಡುದ್ರಾ? ಇಷ್ಟು ವರ್ಸ?"

"ಊಂ, ಮಾಡುದ್ವಿ" ಅಂದರು ಬೆಟ್ಟಮ್ಮ. ಅವರ ಕಣ್ಣಲ್ಲಿ ನೀರು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ನೀವು ಬಾರಿಸ್ತಾ ಇರ್ಲಿ ಅಂತ ಮಾಡುದ್ವಿ. ಇವತ್ತೂ ಯೋಳ್ತಿರ್ನಿಲ್ಲ. ಅವನ ಮ್ಯಾಲೆ ಸುಳ್ಳು ಅಚ್ಚಾಗೋದು ನನ್ ಕೈಲಿ ನೋಡಕ್ಕಾಗಾಕಿಲ್ಲ."

ಆ ದಿನ ಮೇಷ್ಟ್ರು ಕೆರೆ ಏರಿಯ ಮೇಲೆ ಹೋಗಿ ಕೂತು ಹೊಸೂರಿನ ಕಡೆ ನೋಡಿದರು. ಅಲ್ಲಿಂದ ಇಲ್ಲಿಗೆ ಎಷ್ಟು ದೂರವೆಂದು ಅಷ್ಟು ವರ್ಷದಲ್ಲಿ ಅವರು ಒಂದು ಸಲವೂ ಯೋಚಿಸಿರಲಿಲ್ಲ. ಆಚೆ ದಡದಲ್ಲಿ ಯಾರೋ ಎತ್ತನ್ನು ಗದರಿಸಿದ್ದು ಸ್ಪಷ್ಟವಾಗಿ ಕೇಳಿಸಿತು. ನನ್ನವ್ವ ಕೇಳಿದಳು, ಎಲ್ಲ ಕೇಳಿದಳು ಎಂದುಕೊಂಡರು. ಮಗುವಿನ ಹಾಗೆ ಅತ್ತರು. ಅತ್ತ ಮೇಲೆ ಎದೆ ಹಗುರವಾಯಿತು, ಆದರೆ ಅಲ್ಲಿದ್ದ ಕಲ್ಲು ಪೂರ್ತಿ ಹೋಗಲಿಲ್ಲ. ಅದರ ಅರ್ಧವನ್ನು ಇನ್ನೊಬ್ಬ ಹೊತ್ತುಕೊಂಡು ಓಡಾಡುತ್ತಿದ್ದಾನೆ ಎಂಬುದು ಈಗ ಗೊತ್ತಾಗಿತ್ತು.

ಬರೆದ ಅಧ್ಯಾಯವನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿದರು. ಬೆಟ್ಟಮ್ಮ ಹೇಳಿದ್ದನ್ನು ಬೆಟ್ಟಮ್ಮ ಹೇಳಿದ ಹಾಗೆಯೇ ಬರೆದರು. ಅಂಗಳ, ಚಾಪೆ, ಮೈಕಿನ ಸದ್ದು. ಕೆಂಪಣ್ಣ ಕೆರೆ ಏರಿಯ ಮೇಲೆ ಹೊಸೂರಿನ ಕಡೆ ನಡೆದ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಮುಂದಿನದು ಬೆಟ್ಟಮ್ಮನಿಗೂ ಗೊತ್ತಿರಲಿಲ್ಲ. ಮಾರನೆಯ ಬೆಳಗ್ಗೆ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, ಒಗೆದ ಪಂಚೆ ಉಟ್ಟು ಮೇಷ್ಟ್ರು ಹೊರಟು ನಿಂತರು. ಎಲ್ಲಿಗೆ ಎಂದು ಬೆಟ್ಟಮ್ಮ ಕೇಳಲಿಲ್ಲ. ಕೆಂಪಣ್ಣನಿಗೆ ಇಷ್ಟವೆಂದು ಒಂದು ಡಬ್ಬಿಯಲ್ಲಿ ಹುಚ್ಚೆಳ್ಳು ಚಟ್ನಿಪುಡಿ ತುಂಬಿ ಕೈಗೆ ಕೊಟ್ಟರು.

ಕೆಂಪಣ್ಣ ಹೆಂಡತಿ ತೀರಿಕೊಂಡ ಮೇಲೆ ಶ್ರೀರಂಗಪಟ್ಟಣದ ಮಗಳ ಮನೆಯಲ್ಲಿದ್ದ. ಕೋಟೆಯ ಹತ್ತಿರ ಮಗಳು ಅಳಿಯ ಎಳನೀರಿನ ಅಂಗಡಿ ಇಟ್ಟಿದ್ದರು. ಮೇಷ್ಟ್ರು ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ, ಅಲ್ಲಿ ಇಳಿದು ಕೇಳಿಕೊಂಡು ಹೋದಾಗ ಅಂಗಡಿಯಲ್ಲಿ ಕೆಂಪಣ್ಣ ಒಬ್ಬನೇ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೇಷ್ಟ್ರನ್ನು ಕಂಡವನೇ ಗಾಬರಿಯಿಂದ ಎದ್ದು ನಿಂತ. ಮಾತು ಬಿಟ್ಟವನು ತಾನಾಗಿ ಮನೆ ಹುಡುಕಿಕೊಂಡು ಬಂದರೆ ಸಾವಿನ ಸುದ್ದಿಯೇ ಇರಬೇಕು ಎಂದು ಅವನ ಲೆಕ್ಕ.

"ಬೆಟ್ಟವ್ವ ಚೆನ್ನಾಗವ್ಳಾ?" ಎಂದು ಕೇಳಿದ.

"ಚೆನ್ನಾಗವ್ಳೆ. ಅವ್ಳೇ ಎಲ್ಲಾ ಯೋಳಿದ್ಳು" ಅಂದರು ಮೇಷ್ಟ್ರು.

ಕೆಂಪಣ್ಣ ಮೆಲ್ಲಗೆ ಕೂತ. "ಯೋಳ್ಬುಟ್ಳಾ" ಅಂದ. ಪಕ್ಕದ ಸ್ಟೂಲನ್ನು ಹೆಗಲ ಮೇಲಿನ ಟವಲಿನಿಂದ ಒರೆಸಿ ಮುಂದಕ್ಕೆ ತಳ್ಳಿದ.

ಮೇಷ್ಟ್ರು ಕೂತು ಹಾಳೆ ತೆಗೆದು ಓದಿದರು. ಈ ಸಲ ದನಿ ಏರಲಿಲ್ಲ. ಹೆದ್ದಾರಿಯ ಕಡೆಯಿಂದ ಲಾರಿಗಳ ಸದ್ದು ಬರುತ್ತಿತ್ತು, ಕೆಂಪಣ್ಣ ಕಿವಿಗೆ ಕೈ ಆನಿಸಿಕೊಂಡು ಕೇಳಿದ. ಕೆರೆ ಏರಿಯ ಜಾಗ ಬಂತು. ಮೇಷ್ಟ್ರು ನಿಲ್ಲಿಸಿದರು.

"ಆಮ್ಯಾಕೆ?"

"ಆಮ್ಯಾಕಿಂದು ನಂಗೊತ್ತಿಲ್ಲ ಕಣ್ಲಾ. ನೀನೇ ಯೋಳ್ಬೇಕು. ಅದ್ಕೇ ಬಂದೆ."

ಕೆಂಪಣ್ಣ ಬಾಯಿ ತೆರೆದ. "ಬಂದೆ. ಬಂದು ನಿನ್ನ ಎಡಗಡೆಗೆ, ಸೀನಿನ ಪರದೆ ಕಟ್ಟೋ ಕಂಬದ ತಾವು ನಿಂತ್ಕೊಂಡೆ..." ಮಾತು ಸಿಗದೆ ಕಣ್ಣು ಕಣ್ಣು ಬಿಟ್ಟ. ಮೇಷ್ಟ್ರ ನಾಲಿಗೆಯ ತುದಿಗೆ ಮುಂದಿನ ಪದ ತಾನಾಗಿ ಬಂತು. ನಲವತ್ತು ವರ್ಷದ ರೂಢಿ, ತಡೆಯುವುದು ಸುಲಭವಲ್ಲ. ಹಲ್ಲು ಕಚ್ಚಿ ತಡೆದುಕೊಂಡರು. ಏನು ಬರುತ್ತದೋ ಅವನ ಬಾಯಿಂದಲೇ ಬರಲಿ ಎಂದು ಕಾದರು.

"ಆಟ ನೋಡಿದ್ದೂ ನಿಜಾನೇ ಕಣ್ಲಾ" ಅಂದ ಕೆಂಪಣ್ಣ. "ಆದ್ರೆ ಸ್ಟೇಜಿನ ಮ್ಯಾಗಿನ ಆಟನಲ್ಲ. ನಿನ್ ಕೈನೇ ನೋಡ್ತಿದ್ದೆ. ಈ ಕೈ ಆಡೋಗಂಟ ಅವ್ವ ಅಲ್ಲಿ ಇರ್ತಾಳೆ ಅಂತ ನಂಗೆ ಯಾಕೋ ಅನ್ಸ್‌ಬುಡ್ತು. ಎಲ್ಲಾರ್ಗೂ ನಿದ್ದೆ ಬಂದು ಆಟ ಮುಗೀಲಿ ಅಂತಿದ್ರು. ನಾನೊಬ್ನೇ ಮಂಗಳ ಬರೋದು ಬ್ಯಾಡ ದೇವ್ರೇ ಅಂತಿದ್ದೆ. ನೀನು ಮಂಗಳ ಎತ್ಕೊಂಡೆ ನೋಡು, ನಾನು ಆ ಕಂಬನೇ ತಬ್ಕೊಂಡ್ಬುಟ್ಟೆ."

ಮೇಷ್ಟ್ರು ಒಂದಕ್ಷರವನ್ನೂ ಬದಲಾಯಿಸದೆ ಬರೆದುಕೊಂಡರು. ಎರಡು ಸಲ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಬರೆದಾದ ಮೇಲೆ ತಲೆ ಎತ್ತದೆಯೇ ಹೇಳಿದರು. "ನಾನು ನಿಂಗೊಂದು ಪಾರ್ಟೂ ಕೊಡ್ನಿಲ್ಲ ಕಣ್ಲಾ ಕೆಂಪ. ನಿನ್ನಂಥ ಗಂಟ್ಲು ನಮ್ಮೂರಾಗೆ ಇನ್ನೊಬ್ಬನ್ಗೆ ಇರ್ನಿಲ್ಲ. ಕೇಳ್ಕೊಂಡು ಬಂದ್ರೂ ಕೊಡ್ನಿಲ್ಲ. ತಪ್ಪಾಯ್ತು."

"ಬುಡ್ಲಾ ಅತ್ಲಾಗೆ" ಅಂದ ಕೆಂಪಣ್ಣ. ಮಚ್ಚು ತೆಗೆದುಕೊಂಡು ಗೊನೆಯಿಂದ ಒಂದು ಎಳನೀರು ಆರಿಸಿದ. "ನಾನೂ ಒಂದು ಪಾರ್ಟು ಮಾಡುದ್ನಲ್ಲ. ನಲ್ವತ್ತು ವರ್ಸ ಮಾಡ್ದೆ. ಒಂದು ಮಾತೂ ಮರೀನಿಲ್ಲ, ಒಂದಿನಾನೂ ಯಾರೂ ಎತ್ತಿಕೊಡ್ನಿಲ್ಲ."

ಮೇಷ್ಟ್ರು ಅದನ್ನು ಬರೆದುಕೊಳ್ಳಲಿಲ್ಲ. ಪೆನ್ನು ಕೈಯಿಂದ ಜಾರಿತ್ತು. ಎಳನೀರು ಕುಡಿಯಲು ಬಂದು ನಿಂತಿದ್ದವರು ನೋಡುತ್ತಿದ್ದಾರೆ ಎಂಬ ನಾಚಿಕೆಯೂ ಇಲ್ಲದೆ ಗೆಳೆಯನ ಕೈ ಹಿಡಿದುಕೊಂಡು ಜೋರಾಗಿ ಅತ್ತರು. ಕೆಂಪಣ್ಣ ಮಚ್ಚನ್ನು ಕೆಳಗಿಟ್ಟು, ಇನ್ನೊಂದು ಕೈಯಿಂದ ಅವರ ಬೆನ್ನು ಸವರುತ್ತಾ ಕೂತ. ಆ ಮಾತು ಪುಸ್ತಕಕ್ಕೆ ಬಂದದ್ದು ಸಂಜೆ, ಮಗಳ ಮನೆಯಲ್ಲಿ ಮುದ್ದೆ ಉಂಡಾದ ಮೇಲೆ. "ಅದನ್ಯಾಕ್ಲಾ ಬುಟ್ಟೆ, ಬರ್ಕೊ" ಎಂದು ಕೆಂಪಣ್ಣನೇ ಗದರಿ ಬರೆಸಿದ.